ಮೇಷ್ಟ್ರ ಅರ್ಧ ಗಡ್ಡ

ಶುಕ್ರವಾರ ಬೆಳಗ್ಗೆ
ಐಸಿಯು ಹೊರಗಿನ ಬೆಂಚು

ನನ್ನ ಜೋರಮ್ಮನಿಗೆ,

ಇವತ್ತು ಕಣ್ಣು ಬಿಟ್ಟು ನನ್ನ ಗುರಾಯಿಸಿದೆಯಲ್ಲ, ಹನ್ನೊಂದು ದಿನದಲ್ಲಿ ಅದಕ್ಕಿಂತ ಚಂದದ್ದು ನಾನು ನೋಡಿಲ್ಲ ಮಾರಾಯ್ತಿ! ಹೀಗೆ ಮಲಗಿದವರಿಗೆ ಈ ದಿನಗಳು ನೆನಪಿರಲ್ಲವಂತೆ, ಮನೆಯವರೇ ಬರೆದಿಡಬೇಕಂತೆ. ನರ್ಸಮ್ಮ ನೋಟ್‌ಬುಕ್ ಕೊಟ್ಟರು. ನಾಲ್ಕನೇ ಕ್ಲಾಸಿನ ಓದು ಸಾಕಾ ಅಂದೆ. ಹೆಂಡತಿಗೆ ಬರೆಯೋಕೆ ಅಷ್ಟೇ ಜಾಸ್ತಿ ಅಂದರು.

ಕಾಲಿನ ಗಾಯದ ನಂಜು ರಕ್ತಕ್ಕೆ ಏರಿತ್ತು. ನೀನು ಅಡುಗೆಮನೆಯಲ್ಲಿ ಬಿದ್ದೆ ಅಂತ ಅಂಗಡಿಗೆ ಫೋನ್ ಬಂದಾಗ ನಾನು ಮೇಷ್ಟ್ರಿಗೆ ಒಂದು ಕೆನ್ನೆಯ ಗಡ್ಡ ಮುಗಿಸಿದ್ದೆ. ಪಾಪ, ಇನ್ನೊಂದು ಕೆನ್ನೆಯ ನೊರೆ ಒರೆಸದೆ ಸ್ಕೂಟರ್‌ನಲ್ಲಿ ನನ್ನ ಇಲ್ಲಿಗೆ ತಂದು ಬಿಟ್ಟರು. ಅಂಗಡಿ ಅವತ್ತಿಂದ ಮುಚ್ಚಿದೆ. ಬೇರೆ ಕಡೆ ಮಾಡಿಸ್ಕೊಳ್ಳಿ ಅಂದರೆ, ಶುರು ಮಾಡಿದವನೇ ಮುಗಿಸಲಿ ಅಂತ ಇವತ್ತಿಗೂ ಅರ್ಧ ಗಡ್ಡದಲ್ಲೇ ಓಡಾಡ್ತಿದ್ದಾರೆ.

ಮೂರನೇ ದಿನ ಡಾಕ್ಟರಮ್ಮ ಒಳಗೆ ಕರೆದರು. ಕ್ರಿಮಿ ಸಾಯ್ತಿದೆ, ಆದರೂ ಉಸಿರು ಕುಗ್ತಿದೆ ಅಂದರು. ಮೈ ಕಾಯೋ ಕಣಗಳು ಹೊಡಿ ಹೊಡಿ ಅಂತ ಒಂದಕ್ಕೊಂದು ಸುದ್ದಿ ಮುಟ್ಟಿಸ್ತಾನೇ ಇವೆಯಂತೆ, ಈಗ ನಿನ್ನ ಶ್ವಾಸಕೋಶಕ್ಕೇ ಬಾರಿಸ್ತಿವೆಯಂತೆ. ನನಗೆ ತಕ್ಷಣ ತಿಳೀತು: ನಿನ್ನ ಮೂವರು ತಂಗಿಯರ ಫೋನು! ಒಬ್ಬಳು ಸೀನಿದರೆ ಮೂರೂ ಮನೆಯಲ್ಲಿ ಕಷಾಯ.

ಆ ಸುದ್ದಿಗೆ ಅಡ್ಡ ನಿಲ್ಲೋ ಔಷಧಿ ಒಂದಿದೆ, ಇನ್ನೂ ಪರೀಕ್ಷೆಯಲ್ಲಿದೆ, ಎಲ್ಲರಿಗೂ ಹಿಡಿಯಲ್ಲ, ನಿನ್ನ ರಕ್ತ ನೋಡಿದರೆ ಹಿಡಿಯಬಹುದು ಅಂದರು. ಅಡ್ಡ ಜಾಸ್ತಿ ಆದರೆ ಬೇರೆ ಕ್ರಿಮಿ ನುಗ್ಗಬಹುದು ಅಂತಲೂ ಅಂದರು. ಒಪ್ಪಿಗೆ ಕಾಗದ ಮೂರು ಸಲ ಓದಿಸಿದೆ. ಮೂವತ್ತು ವರ್ಷ ಜನರ ಕುತ್ತಿಗೆ ಮೇಲೆ ಕತ್ತಿ ಆಡಿಸಿದ ಕೈಗೆ ಪೆನ್ನು ಕೊಟ್ಟರು. ನನ್ನ ಹೆಸರೇ ತಪ್ಪು ಬರೆದು, ಹೊಡೆದು ಹಾಕಿ, ಮತ್ತೆ ಬರೆದೆ.

ಔಷಧಿ ಕೊಟ್ಟು ಎರಡು ದಿನ ಏನೂ ಗುಣ ಕಾಣಲಿಲ್ಲ. ನಾನು ಒಂದೂ ಜೋಕು ಹೇಳಲಿಲ್ಲ ಅಂದರೆ ನೋಡು. ಆಮೇಲೆ ಜ್ವರ ಇಳೀತು. ಉಸಿರಾಟದ ಯಂತ್ರದ ಗಾಳಿಯನ್ನೂ ಸ್ವಲ್ಪ ಸ್ವಲ್ಪವೇ ಇಳಿಸಿದರು. ಔಷಧಿಯಿಂದಲೇ ಅಂತ ಈಗಲೇ ಹೇಳಕ್ಕಾಗಲ್ಲ ಅಂತಾರೆ ಡಾಕ್ಟರಮ್ಮ. ನನಗೇನು, ನೀನು ಗುರಾಯಿಸಿದೆ, ಸಾಕು. ನಾಳೆ ಗಂಟಲಿನ ನಳಿಗೆ ತೆಗೀತಾರಂತೆ. ನಿನ್ನ ತಂಗಿಯರು ಯಾರು ಜಾಸ್ತಿ ಅತ್ತಿದ್ದು ಅಂತ ಆಗಲೇ ಜಗಳ ಶುರು ಮಾಡಿದ್ದಾರೆ.

ಇಂತಿ ನಿನ್ನ
ಬಾಯಿಬಡುಕ

ತಾ.ಕ.: ಡಾಕ್ಟರು ಯಾಕೆ, ನಾನಿಲ್ವಾ ಅಂತ ನಿನ್ನ ಕಾಲಿನ ಆಣಿ ಕೆತ್ತಿದೆನಲ್ಲ, ಅದು ಹೊಸ ಬ್ಲೇಡು ಅಂದಿದ್ದೆ. ಅಲ್ಲ, ಹಳೇದು. ಡಾಕ್ಟರಮ್ಮನಿಗೆ ಮೊದಲ ದಿನವೇ ಹೇಳಿದೆ, ನಿನಗೆ ಹೇಳೋಕೆ ಹನ್ನೊಂದು ದಿನ ಬೇಕಾಯ್ತು. ಅವತ್ತಿಂದ ಕತ್ತಿ ಮುಟ್ಟಿಲ್ಲ. ನಳಿಗೆ ತೆಗೆದ ಮೇಲೆ ಮೊದಲು ನನಗೆ ಸರಿಯಾಗಿ ಬೈಯಿ. ಆಮೇಲೆ ಹೋಗಿ ಮೇಷ್ಟ್ರ ಇನ್ನೊಂದು ಕೆನ್ನೆ ಮುಗಿಸ್ತೀನಿ, ಹೊಸ ಬ್ಲೇಡಲ್ಲಿ.