ತಾಯಿಯನ್ನು ಕರೆದದ್ದಕ್ಕೆ

ಜರ್ಮನ್‌ಟೌನ್, ಮೇರಿಲ್ಯಾಂಡ್
೧೪ ಮಾರ್ಚ್ ೧೯೯೪

ಪ್ರೀತಿಯ ನಾಸಿರಾ,

ನೀನು ನಾರ್‌ಕ್ರಾಸ್‌ಗೆ ಹೋದ ಮೇಲೆ ಈ ಅಪಾರ್ಟ್‌ಮೆಂಟಿನಲ್ಲಿ ಕನ್ನಡದಲ್ಲಿ ಅಳುವುದಕ್ಕೂ ಗೆಳತಿಯರು ಯಾರೂ ಇಲ್ಲ. ಫೋನಿನಲ್ಲಿ ಹೇಳೋಣವೆಂದರೆ ಬದರಿ ಪಕ್ಕದ ಕೋಣೆಯಲ್ಲೇ ಇರುತ್ತಾರೆ.

ನಾವು ಗಂಡ ಹೆಂಡತಿ ಮಾರ್ಮನ್ ಚರ್ಚಿಗೆ ಸೇರಿದಾಗ ನೀನು ಕಾರಣ ಕೇಳಲಿಲ್ಲ. ನಿನಗೆ ಗೊತ್ತಿತ್ತು. ನಮ್ಮ ಮಗು ಅವಿನಾಶ ಹುಟ್ಟಿದ ವಾರದಲ್ಲೇ ಹೋಗಿಬಿಟ್ಟಿದ್ದ. ಬೆಲ್ಟ್‌ವೇ ಹೆದ್ದಾರಿಯ ಪಕ್ಕದ ಬಿಳಿ ಟೆಂಪಲ್‌ನಲ್ಲಿ ಒಮ್ಮೆ ಬೆಸೆದರೆ ಗಂಡ, ಹೆಂಡತಿ, ಮಗು ಸತ್ತ ಮೇಲೂ ಒಂದೇ ಕುಟುಂಬ ಎಂದು ಚರ್ಚಿನವರು ಹೇಳಿದರು. ಮಗುವನ್ನು ವಾಪಸ್ ಕೊಡುತ್ತೇವೆಂದು ಬೇರೆ ಯಾರೂ ಅಂದಿರಲಿಲ್ಲ.

ಕಳೆದ ತಿಂಗಳು ಹೆಂಗಸರ ಸಭೆಯಲ್ಲಿ ಪ್ರಾರ್ಥನೆಯ ಸರದಿ ನನ್ನದು. ಪರಲೋಕದಲ್ಲಿ ತಂದೆಯ ಜೊತೆ ತಾಯಿಯೂ ಇದ್ದಾಳೆಂದು ಇವರೇ ಕಲಿಸುತ್ತಾರೆ. ಆದರೆ ಅವಳನ್ನು ಕರೆದು ಪ್ರಾರ್ಥಿಸುವಂತಿಲ್ಲ. ನಾನು ಚಾಮುಂಡಿ ಬೆಟ್ಟದ ಕೆಳಗೆ ಬೆಳೆದವಳು. ಕಷ್ಟದಲ್ಲಿ ಬಾಯಿಗೆ ಮೊದಲು ಬರುವುದೇ ಅಮ್ಮ. ಅಂದೂ ಅದೇ ಬಂತು: ‘ತಾಯೇ, ನನ್ನ ಮಗುವನ್ನು ಎತ್ತಿಕೊಂಡಿದ್ದೀಯಾ?’

ಯಾರೂ ಆಮೆನ್ ಅನ್ನಲಿಲ್ಲ. ಹೊರಗೆ ಮಾರ್ಜರಿ ಆಂಟಿ ನನ್ನ ಕೈ ಹಿಡಿದುಕೊಂಡರು. ಹುಟ್ಟಿನಿಂದಲೂ ಈ ಚರ್ಚಿನವರು, ಮೊಮ್ಮಕ್ಕಳನ್ನು ಕಂಡವರು. ‘ನಾವೂ ಕರೆಯುತ್ತೇವೆ ಲತಾ, ಆದರೆ ಮನಸ್ಸಿನಲ್ಲಿ. ಬಾಯಿಬಿಟ್ಟವರನ್ನು ಹೊರಗೆ ಹಾಕುತ್ತಾರೆ’ ಎಂದು ಅತ್ತರು. ಬಿಷಪ್ ಕರೆದರೆ ಜೊತೆಗೆ ಬರುತ್ತೀರಾ ಎಂದೆ. ಕೈ ಬಿಟ್ಟರು.

ಬಿಷಪ್ ನಿನ್ನೆ ಕರೆದರು. ಮೇಜಿನ ಆಚೆ ಬಿಷಪ್ ಸೇರಿ ಮೂವರು ಗಂಡಸರು, ಈಚೆ ನಾನೊಬ್ಬಳು. ಬಿಷಪ್ ಕೆಟ್ಟವರಲ್ಲ. ನಮ್ಮ ಕಾರು ಹಿಮದಲ್ಲಿ ಹೂತಾಗ ತಾವೇ ಸಲಿಕೆ ತಂದವರು. ಇನ್ನು ಹೀಗೆ ಪ್ರಾರ್ಥಿಸುವುದಿಲ್ಲ ಎಂದು ಮಾತು ಕೊಡುತ್ತೀಯಾ ಎಂದು ಮೆತ್ತಗೆ ಕೇಳಿದರು. ಕೊಡದಿದ್ದರೆ ಚರ್ಚಿನಿಂದ ನನ್ನ ಹೆಸರು ತೆಗೆಯುತ್ತಾರೆ, ಟೆಂಪಲ್‌ನ ಬೆಸುಗೆ ನನ್ನ ಪಾಲಿಗೆ ಇರುವುದಿಲ್ಲ. ಅಮ್ಮನನ್ನು ಕರೆಯಲೋ, ನನ್ನ ಮಗನಿಗೆ ಅಮ್ಮನಾಗಿ ಉಳಿಯಲೋ? ಹೋಗುವಾಗ ಕಾರಿನಲ್ಲಿ ಬದರಿ, “ಸಾರಿ ಅಂತ ಹೇಳ್ಬಿಡು ಲತಾ. ಅವನನ್ನ ಇನ್ನೊಂದ್ಸಲ ಕಳ್ಕೊಳ್ಳೋಕೆ ನನ್ ಕೈಲಿ ಆಗಲ್ಲ” ಅಂದಿದ್ದರು.

ಸಾರಿ ಅಂದೆ, ಮಾತೂ ಕೊಟ್ಟೆ. ಮೂವರೂ ಎದ್ದು ಕೈ ಕುಲುಕಿದರು.

ಆಗಿನಿಂದ ನನಗೆ ಪ್ರಾರ್ಥನೆಯೇ ಬರುತ್ತಿಲ್ಲ. ತಂದೆಯನ್ನು ಕರೆಯಹೋದರೆ ಆ ಮೂವರ ಮುಖ ಕಾಣುತ್ತದೆ. ನಮಾಜಿಗೆ ಕೂತಾಗ ನಿನಗೆಂದೂ ಅರ್ಧಕ್ಕೇ ಎದ್ದುಬಿಡಬೇಕು ಅನ್ನಿಸಿಲ್ಲವೇ ನಾಸಿರಾ? ನಿಜ ಹೇಳು.

ನನ್ನ ಬಗ್ಗೆ ಚಿಂತಿಸಬೇಡ. ಎಲ್ಲ ಸರಿಹೋಯಿತು ಅಂತಲೇ ತಿಳಿ.

ನಿನ್ನ
ಲತಾ

ತಾ.ಕ.: ಮಂಗಳವಾರ. ಕಾಗದ ಇನ್ನೂ ಅಂಚೆಗೆ ಹಾಕಿರಲಿಲ್ಲ. ಬೆಳಿಗ್ಗೆ ಮಗುವಿನ ಸಮಾಧಿಯ ಹತ್ತಿರ ಮತ್ತೆ ಅವಳನ್ನೇ ಕರೆದೆ, ಗಟ್ಟಿಯಾಗಿ. ಬದರಿ ಹಿಂದೆಯೇ ನಿಂತಿದ್ದರು. “ನೀನೇ ಪ್ರಾಮಿಸ್ ಮಾಡಿದ್ದೆ ಲತಾ. ಮುಚ್ಚಿಟ್ರೆ ನನಗೂ ಅವನು ಸಿಗಲ್ಲ. ನಾನು ಇದನ್ನ ಹೇಳ್ಲೇಬೇಕು” ಅಂದು ಬಿಷಪ್ ಮನೆಗೆ ಹೋಗಿದ್ದಾರೆ. ನಾನು ತಡೆಯಲಿಲ್ಲ. ಸ್ವಲ್ಪ ದಿನ ನಿನ್ನ ಮನೆಯಲ್ಲಿ ಇರಬಹುದಾ? ನಿನ್ನ ಯಜಮಾನರನ್ನು ಕೇಳಿ ತಿಳಿಸು. ಬೇಡ, ಅವರನ್ನು ಕೇಳಬೇಡ. ನೀನೇ ಹೇಳು.