ಹಸಿರು ಬಟ್ಟೆಯ ಹಿಂದೆ

ಮಂಗಳವಾರ, ನವೆಂಬರ್ 11, 2025

ಸಬೀನಾ ನಮ್ಮ ಅಂಗಡಿಗೆ ಕೆಲಸಕ್ಕೆ ಬರಲೇಬಾರದಿತ್ತು.

ಹೂರಾ ಬಡಾವಣೆಯ ಈ ಹಳೇ ಸಾಮಾನಿನ ಅಂಗಡಿಯಲ್ಲಿ ಹದಿನಾಲ್ಕು ವರ್ಷಗಳಿಂದ ವಸ್ತು ನೋಡಿ ಬೆಲೆ ಹೇಳುತ್ತಿರುವವಳು ನಾನು. ಈಗೀಗ ಮಾಲೀಕರು ಹುಸೈನಬ್ಬ ಸಾಹೇಬರು ಮೊದಲು ಅವಳನ್ನೇ ಕರೆಯುತ್ತಾರೆ. ಬೆಳಿಗ್ಗೆ ಬಸ್ಸಿನಲ್ಲಿ ಒಂದು ಪ್ರಾಸ ಕಟ್ಟಿದ್ದೆ: ‘ಬಂದು ತಿಂಗಳು ಮೂರು, ಬಾಯಿ ಮಾತ್ರ ಜೋರು.’

ಇವತ್ತು ಸಾಹೇಬರು ಗೋಡೆಗೆ ತೂಗುಹಾಕುವ ಎರಡು ಫಲಕಗಳನ್ನು ಮೇಜಿನ ಮೇಲಿಟ್ಟರು. ನೀಲಿ ಹಿನ್ನೆಲೆಯ ಮೇಲೆ ಗ್ರೀಕ್ ದೇವತೆಯರ ಬಿಳಿ ಉಬ್ಬುಚಿತ್ರ. ನಾನು ಉಗುರಿನಿಂದ ತಟ್ಟಿ, “ಹೊಸ ಪ್ಲಾಸ್ಟರ್, ಹಳೆಯದರ ನಕಲು” ಎಂದೆ. ದೇವತೆಯರು ಎದುರು ಮಾತಾಡಲಿಲ್ಲ.

ಸಾಹೇಬರು ಒಳಗೆ ಹೋದ ಮೇಲೆ ಸಬೀನಾ ಒಂದನ್ನು ಮಗುಚಿ, ಬೆನ್ನಿಗಿದ್ದ ಹಸಿರು ಬಟ್ಟೆಯ ಮೂಲೆ ಎತ್ತಿದಳು. ಅಡಿಯಲ್ಲಿ ತಯಾರಕರ ಮುದ್ರೆ, 1958.

“ಉಷಕ್ಕಾ, ಈ ಬಟ್ಟೆ ಅಂಟಿಸಿದ್ದು ಯಾರು ಮಾರಾಯ್ರೆ?”

ನಾನೇ. ಗಿರಾಕಿಯ ಗೋಡೆ ಗೀಚದಿರಲಿ ಎಂದು ಬಂದದ್ದಕ್ಕೆಲ್ಲ ಅಂಟಿಸುತ್ತೇನೆ. ಕಳೆದ ತಿಂಗಳು ಇವಕ್ಕೂ ಹಿಂಬದಿ ನೋಡದೆ ಅಂಟಿಸಿದ್ದೆ. ಅದನ್ನು ನನ್ನ ಮುಖವೇ ಅವಳಿಗೆ ಹೇಳಿರಬೇಕು.

ಸಾಹೇಬರು ಬಂದಾಗ ಅವಳೆಂದಳು, “ಇದು ಹಳತೇ ಸಾಹೇಬ್ರೇ. ಉಷಕ್ಕ ಇನ್ನೊಮ್ಮೆ ನೋಡಿ ಮುದ್ರೆ ಹುಡುಕಿದ್ರು.”

“ಉಷಾ, ನಿಮ್ಮ ಕಣ್ಣಂದ್ರೆ ಕಣ್ಣು!”

ನಕ್ಕೆ. ಬೇರೇನು ಮಾಡಲಿ? ಅವಳ ಕಣ್ಣು ಚುರುಕು ಎಂದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಮನಸ್ಸೂ ದೊಡ್ಡದಿರಬೇಕೇ? ಹೊಟ್ಟೆ ಇನ್ನೂ ಉರಿಯುತ್ತಿದೆ.

ಮೇಲೆ ಬರೆದ ಆ ಪ್ರಾಸವನ್ನು ಹೊಡೆದುಹಾಕಬೇಕೆಂದು ಅದರ ಮೇಲೆ ಪೆನ್ನು ಇಟ್ಟೆ. ಆದರೆ ಎಷ್ಟು ಚೆನ್ನಾಗಿ ಕೂತಿದೆ. ಇವತ್ತೊಂದು ದಿನ ಇರಲಿ...