ಎಪ್ಪಿಂಗ್‌ನ ಅಡ್ರೆಸ್

ಆಗಸ್ಟ್ 3, 2004. ಮಂಗಳವಾರ
ಇವತ್ತೂ ಶಾಲೆಯ ಆಫೀಸಿನಲ್ಲಿ ಅಡ್ರೆಸ್ ಟೈಪ್ ಮಾಡಿದ್ದೇ ಕೆಲಸ. ಮುನ್ನೂರು ಮಕ್ಕಳು — ನೂರಾ ಹತ್ತು ಮುಗಿಯಿತು. ಎಲ್ಲ ಕ್ಯಾನ್‌ಬೆರಾಕ್ಕೆ, ಕೇಂದ್ರ ಸರ್ಕಾರಕ್ಕೆ. ಮಕ್ಕಳು ಯಾವ ಬೀದಿಯವರೆಂದು ನೋಡಿ ಶಾಲೆಗೆ ಸರ್ಕಾರದ ದುಡ್ಡು. ಬಡವರ ಬೀದಿಗೆ ಹೆಚ್ಚು, ಉಳ್ಳವರ ಬೀದಿಗೆ ಕಡಿಮೆ. ಮನೆಯೊಳಗೆ ಯಾರೂ ಇಣುಕುವುದಿಲ್ಲ. ಸದ್ಯ.

ಆಗಸ್ಟ್ 5
ಪ್ರಿನ್ಸಿಪಾಲ್ ಕರೆದರು. ನಮ್ಮ ಲಿಸ್ಟ್ ತೀರಾ ಶ್ರೀಮಂತವಾಗಿದೆಯಂತೆ. ಹೀಗೇ ಹೋದರೆ ಮುಂದಿನ ವರ್ಷ ಓದು ಕಲಿಸುವ ವಾಸಂತಿ ಟೀಚರ್ ಇರುವುದಿಲ್ಲ. ನನ್ನ ಲೀಶಾ ಅವರ ಹತ್ತಿರವೇ ಅಕ್ಷರ ಕೂಡಿಸುತ್ತಿದ್ದಾಳೆ. ಎಂಟು ವರ್ಷ. ಬೇರೆಯವರ ಮುಂದೆ ಬಾಯಿ ಬಿಡುವುದಿಲ್ಲ.
ಲಿಸ್ಟ್ ಮತ್ತೆ ನೋಡಿದೆ. ಮಂಗಳೂರಿನವರು ಇಪ್ಪತ್ತಾರು ಮನೆ, ಎಲ್ಲರೂ ಉಳ್ಳವರ ಬಡಾವಣೆ ಎಪ್ಪಿಂಗ್‌ನಲ್ಲಿ! ನಿಜವಾಗಿ ಇರುವುದು ಇಲ್ಲೇ, ಬಡವರ ಬ್ಲ್ಯಾಕ್‌ಟೌನ್‌ನಲ್ಲಿ. ರೆಂಟ್ ಮನೆ ಬದಲಾಗುತ್ತಿರುತ್ತದೆ, ಪೋಸ್ಟ್ ತಪ್ಪಬಾರದೆಂದು ನೆಂಟರ ಅಡ್ರೆಸ್. ಸ್ವಲ್ಪ ಜಂಬವೂ. ನಾನೇನು ಕಮ್ಮಿ? ಅಣ್ಣ ಡಿಕ್ಸನ್‌ನ ಎಪ್ಪಿಂಗ್ ಮನೆಯ ಅಡ್ರೆಸ್ ಕೊಟ್ಟಿದ್ದೇನೆ. ನಾವು ಬಾಡಿಗೆಗಿರುವುದು ಓಸ್ವಾಲ್ಡ್ ಅಂಕಲ್‌ನ ಮನೆಯ ಗರಾಜಿನಲ್ಲಿ.

ಆಗಸ್ಟ್ 8. ಭಾನುವಾರ
ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ನಮ್ಮವರೆಲ್ಲರಿಗೂ ಹೇಳಿದೆ — ನಿಜವಾದ ಅಡ್ರೆಸ್ ಕೊಡಿ. ಲೀಶಾಳ ಕ್ಲಾಸಿನ ಮೆಲಿಶಾಳ ಅಮ್ಮ, "ನೀವು ಮೊದಲು ಬರೀರಿ ಜೂಲಿಯಾನಾ, ಮತ್ತೆ ನಾವು" ಅಂದರು. ನಾನೂ ಸುಳ್ಳು ಅಡ್ರೆಸ್ ಕೊಟ್ಟದ್ದು ಎಲ್ಲರಿಗೂ ಗೊತ್ತಿದೆ.
ಮನೆಗೆ ಬಂದು ಗಂಡನಿಗೆ ಹೇಳಿದೆ. ನೈಜೆಲ್ ಚಹಾ ಲೋಟ ಕೆಳಗಿಟ್ಟ. "ನಿನಗೆ ಎಂತಕ್ಕೆ ಈ ಉಸಾಬರಿ ಮಾರಾಯ್ತಿ? ಅಂಕಲ್ ಕೌನ್ಸಿಲ್‌ಗೆ ತೆರಿಗೆ ಕಟ್ಟುದು ಒಂದು ಮನೆಗೆ, ಗರಾಜಿನ ಬಾಡಿಗೆ ಲೆಕ್ಕದಲ್ಲಿಲ್ಲ. ಅವರ ಮೊಮ್ಮಗನೂ ಅದೇ ಶಾಲೆ. ಒಂದೇ ನಂಬರಿನಲ್ಲಿ ಎರಡು ಸಂಸಾರ ಅಂತ ಕಂಡರೆ ನಮ್ಮನ್ನು ಇಡ್ತಾರಾ?"
ನಮ್ಮ ಅಡ್ರೆಸ್ ಫಾರ್ಮ್ ಮುಟ್ಟದೆ ಮೇಜಿನ ಮೇಲೇ ಬಿಟ್ಟೆ.

ಆಗಸ್ಟ್ 19
ಹತ್ತು ದಿನ ಬರೆಯಲಿಲ್ಲ. ನಾಚಿಕೆ.
ನಾಳೆ ಲಿಸ್ಟ್ ಹೋಗಬೇಕು. ಸಂಜೆ ಲೀಶಾ ಮೇಜಿನ ಮೇಲಿದ್ದ ನಮ್ಮ ಫಾರ್ಮ್ ಎತ್ತಿಕೊಂಡಳು. ಬೆರಳಿಟ್ಟು ನಿಧಾನಕ್ಕೆ ಓದಿದಳು. ಎ... ಎಪ್... ಎಪ್ಪಿಂಗ್. ಯಾರೂ ಹೇಳಿಕೊಡದೆ ಓದಿದ ಮೊದಲ ದೊಡ್ಡ ಪದ. ಖುಷಿಯಿಂದ ಎದೆ ತುಂಬಿತು.
ಆಮೇಲೆ ಕೇಳಿದಳು, "ಬಟ್ ಮಮ್ಮಾ, ವೀ ಡೋಂಟ್ ಲಿವ್ ದೇರ್."

ಆಗಸ್ಟ್ 20. ಬೆಳಿಗ್ಗೆ 8.40
ಆಫೀಸ್. ಯಾರೂ ಬಂದಿಲ್ಲ. ನಿಜವಾದ ಅಡ್ರೆಸ್ ಬರೆಯುತ್ತೇನೆಂದು ಹೊರಡುವ ಮುಂಚೆ ಓಸ್ವಾಲ್ಡ್ ಅಂಕಲ್‌ಗೆ ನಾನೇ ಹೇಳಿದೆ. ಗಿಡಕ್ಕೆ ನೀರು ಬಿಡುತ್ತಿದ್ದರು, ಪೈಪ್ ಕೆಳಗಿಟ್ಟು ಒಳಗೆ ಹೋದರು.
ಎಪ್ಪಿಂಗ್ ಅಳಿಸಿದೆ. ಅಂಕಲ್‌ನ ಮನೆ ನಂಬರ್ ಹಾಕಿದೆ.
ಕಿಟಕಿಯಲ್ಲಿ ಕಾಣುತ್ತಿದೆ — ಮೆಲಿಶಾಳ ಅಮ್ಮ ಬರುತ್ತಿದ್ದಾರೆ, ಕೈಯಲ್ಲಿ ಫಾರ್ಮ್. ಹಿಂದೆ ಇನ್ನೂ ನಾಲ್ಕು ಜನ. ಅವರೆಲ್ಲರಿಗಿಂತ ಮುಂದೆ ಅಂಕಲ್. ಅವರ ಕೈಯಲ್ಲಿ ಫಾರ್ಮ್ ಇಲ್ಲ.
ನೈಜೆಲ್‌ಗೆ ಫೋನ್ ಮಾಡಬೇಕು, ಸಾಮಾನು ಕಟ್ಟು ಅಂತ —